ಜುಲೈ ತಿಂಗಳ ಸ್ವೆಟರ್

ಆತ್ಮೀಯ ಓದುಗರೇ,

ಇವತ್ತು ಜುಲೈ ಕೊನೆಯ ಶನಿವಾರ. ಮಧ್ಯಾಹ್ನ ಎರಡು ಗಂಟೆಯ ವರದಿ ಹೀಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚಿನಲ್ಲಿ 57 ಡಿಗ್ರಿ ಫ್ಯಾರನ್‌ಹೀಟ್, ಮಂಜು, ಜೊತೆಗೆ ಆಳನ್ನೇ ತಳ್ಳುವಂಥ ಗಾಳಿ. ಸನ್ನಿವೇಲ್‌ನಲ್ಲಿ 81, ಒಳ್ಳೆ ಬಿಸಿಲು. ಲಿವರ್‌ಮೋರ್‌ನಲ್ಲಿ 99. ಟ್ರೇಸಿಯಲ್ಲಿರುವ ನಮ್ಮ ಸಂಘದ ಸದಸ್ಯರೊಬ್ಬರು ಕಾರಿನ ಡ್ಯಾಶ್‌ಬೋರ್ಡಿನಲ್ಲಿ 103 ತೋರಿಸುತ್ತಿರುವ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ, ಮಗಳಿಗೆ ರ‍್ಯಾಂಕ್ ಬಂದವರ ಹಾಗೆ. ಓಷನ್ ಬೀಚಿನಿಂದ ಟ್ರೇಸಿಗೆ ಟ್ರಾಫಿಕ್ ಇಲ್ಲದಿದ್ದರೆ ಒಂದೂಕಾಲು ಗಂಟೆ ಚಿಲ್ಲರೆ ದಾರಿ. ಸೆಲ್ಸಿಯಸ್ಸಿನಲ್ಲಿ ಹೇಳಿದರೆ 14ರಿಂದ 39ಕ್ಕೆ. ಮಡಿಕೇರಿಯ ಜನವರಿ ಬೆಳಗಿನಿಂದ ರಾಯಚೂರಿನ ಏಪ್ರಿಲ್ ಮಧ್ಯಾಹ್ನಕ್ಕೆ, ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ.

ಊರಲ್ಲಿ ನಾವು ಹವಾಮಾನಕ್ಕೆ ‘ಯಾವಾಗ’ ಅಂತ ಕೇಳುತ್ತಿದ್ದೆವು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಈ ಬೇ ಏರಿಯಾದಲ್ಲಿ ಕೇಳಬೇಕಾದ್ದು ‘ಎಲ್ಲಿ’ ಅಂತ. ಅಲ್ಲಿ ಪಂಚಾಂಗ ಸಾಕಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆಗ ಬಿದ್ದದ್ದು ಆ ನಕ್ಷತ್ರದ ಮಳೆ. ಪ್ರತಿ ಮಳೆಗೂ ಒಂದು ಗಾದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು. ಸ್ವಾತಿ ಮಳೆಗೆ ಮುತ್ತಿನ ಬೆಳೆ. ಇಲ್ಲಿ ಇಂಥ ಗಾದೆ ಕಟ್ಟಬೇಕೆಂದರೆ ನಕ್ಷತ್ರದ ಜಾಗದಲ್ಲಿ ಜಿಪ್ ಕೋಡ್ ಹಾಕಬೇಕಾಗುತ್ತದೆ.

ಬೆಳಿಗ್ಗೆ ತೀರ್ಥಹಳ್ಳಿಗೆ ಫೋನ್ ಮಾಡಿದ್ದೆ. ಅಲ್ಲಿ ರಾತ್ರಿ. ಪುಷ್ಯ ಮಳೆ ಹಿಡಿದಿದೆ, ಕರೆಂಟಿಲ್ಲ, ಬಟ್ಟೆ ಒಣಗುತ್ತಿಲ್ಲ, ಅಡಿಕೆಗೆ ಕೊಳೆ ಬರುತ್ತೋ ಏನೋ ಅಂತ ಅಪ್ಪನ ಚಿಂತೆ.

“ನಿಮ್ಮಲ್ಲಿ ಮಳೆ ಹೆಂಗಿದೆ?” ಅಂದಳು ಅಮ್ಮ. ಪ್ರತಿ ವರ್ಷ ಕೇಳುತ್ತಾಳೆ.

“ಇಲ್ಲಿ ಬೇಸಿಗೆಯಲ್ಲಿ ಮಳೆ ಬರಲ್ಲಮ್ಮ. ಮೇ ಆದ್ಮೇಲೆ ಅಕ್ಟೋಬರ್ ತನಕ ಹೆಚ್ಚುಕಮ್ಮಿ ಒಂದು ಹನಿಯೂ ಇಲ್ಲ.”

“ಮತ್ತೆ ನೀರಿಗೆ?”

“ಸಿಯೆರಾ ಬೆಟ್ಟದ ಹಿಮ ಕರಗಿ ಬರುತ್ತೆ. ಸ್ಯಾನ್ ಫ್ರಾನ್ಸಿಸ್ಕೋದವರು ನೂರೈವತ್ತು ಮೈಲಿ ಆಚೆಯ ಹೆಚ್ ಹೆಚಿ ಅನ್ನೋ ಅಣೆಕಟ್ಟಿಂದ ತರಿಸಿಕೊಳ್ತಾರೆ.”

“ಹಿಮದ ನೀರು ಕುಡೀತೀಯಾ? ಅದ್ಕೇ ನಿಂಗೆ ಯಾವಾಗ್ಲೂ ಶೀತ.”

ಇಪ್ಪತ್ತು ಕೋಟಿ ಡಾಲರ್‌ನ ಸಂಶೋಧನೆಯಿಂದಲೂ ಈ ವಾದವನ್ನು ಮುರಿಯಲಾಗದು. ಬಿಟ್ಟುಬಿಟ್ಟೆ.

ಒಂದೇ ದಿನ ಇಷ್ಟೊಂದು ಹವೆ ಯಾಕೆ ಅನ್ನುವುದಕ್ಕೆ ಕಾರಣ ಸಮುದ್ರದಲ್ಲಿದೆ. ಬೇಸಿಗೆಯಲ್ಲಿ ವಾಯವ್ಯದ ಗಾಳಿ ದಂಡೆಯುದ್ದಕ್ಕೂ ಬೀಸುತ್ತದೆ, ಮೇಲಿನ ನೀರನ್ನು ಆಚೆ ತಳ್ಳುತ್ತದೆ. ಆ ಜಾಗಕ್ಕೆ ತಳದ ತಣ್ಣೀರು ಮೇಲೆ ಬರುತ್ತದೆ. ಕಾಲಿಟ್ಟರೆ ಪಾದ ಜೋಮು ಹಿಡಿಯುವಷ್ಟು ತಣ್ಣಗೆ. ಅದರ ಮೇಲೆ ಹಾದು ಬರುವ ತೇವದ ಗಾಳಿ ಮಂಜಾಗುತ್ತದೆ. ಅತ್ತ ಒಳನಾಡಿನಲ್ಲಿ, ಸ್ಯಾಕ್ರಮೆಂಟೊ, ಸ್ಟಾಕ್‌ಟನ್, ಟ್ರೇಸಿ ಕಡೆ, ನೆಲ ಕಾದು ಗಾಳಿ ಮೇಲೇರುತ್ತದೆ. ಖಾಲಿಯಾದ ಜಾಗಕ್ಕೆ ಸಮುದ್ರದ ಗಾಳಿ ನುಗ್ಗಬೇಕು. ನಡುವೆ ಕರಾವಳಿ ಬೆಟ್ಟಗಳ ಸಾಲು. ಸಮುದ್ರಮಟ್ಟದಲ್ಲಿ ದೊಡ್ಡ ಸಂದಿ ಇರುವುದು ಗೋಲ್ಡನ್ ಗೇಟ್ ಜಲಸಂಧಿ ಒಂದೇ. ಮಂಜು ಹೆಚ್ಚಾಗಿ ಅಲ್ಲಿಂದಲೇ ತೂರಿಕೊಂಡು ನೆಟ್ಟಗೆ ಎದುರಿನ ಬರ್ಕ್‌ಲಿಗೆ ಹೋಗಿ ಬಡಿಯುತ್ತದೆ. ಅದರ ಮೇಲೆ ಬಿಸಿಯಾದ ಒಣಗಾಳಿಯ ಪದರ ಕೂತಿರುವುದರಿಂದ ಮಂಜು ಎತ್ತರಕ್ಕೂ ಏಳಲಾರದು. ಹಾಗಾಗಿ ಊರು ಪೂರ್ತಿ ಮುಳುಗಿದ್ದರೂ ಗುಡ್ಡದ ಮೇಲಿನ ಸೂಟ್ರೋ ಟವರಿನ ತುದಿ ಮಾತ್ರ ಬಿಸಿಲಲ್ಲಿ ನಿಂತಿರುತ್ತದೆ.

ಅಂದರೆ ಟ್ರೇಸಿಯವರು ಬೆಂದಷ್ಟೂ ಸ್ಯಾನ್ ಫ್ರಾನ್ಸಿಸ್ಕೋದವರು ನಡುಗುತ್ತಾರೆ. ನಮ್ಮ ಗುಂಪಿನಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ಅಣಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇಬ್ಬರದೂ ಒಂದೇ ಗಾಳಿ.

ಊರಲ್ಲೂ ‘ಎಲ್ಲಿ’ ಅನ್ನುವುದು ಮುಖ್ಯವೇ ಅಲ್ವಾ ಅಂತ ನೀವು ಕೇಳುತ್ತೀರಿ, ಗೊತ್ತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಚಳ್ಳಕೆರೆಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಪಶ್ಚಿಮಘಟ್ಟದ ಮಳೆ ನೆರಳು. ಅದರ ಸಣ್ಣ ಅಚ್ಚು ಇಲ್ಲೂ ಇದೆ. ಸಾಂಟಾ ಕ್ರೂಜ್ ಬೆಟ್ಟದ ಬೆನ್ ಲೋಮಂಡ್‌ನಲ್ಲಿ ವರ್ಷಕ್ಕೆ ಸುಮಾರು 50 ಇಂಚು, ಬೆಟ್ಟದ ಈಚೆ ಸ್ಯಾನ್ ಹೋಸೆಯಲ್ಲಿ 15ರ ಆಸುಪಾಸು. ಮಲೆನಾಡಿನವರಿಗೆ ಮನೆ ನೆನಪಾದರೆ ಡಿಸೆಂಬರಿನಲ್ಲಿ ಆ ಕಡೆ ಒಂದು ಸುತ್ತು ಹೋಗಿ ಬನ್ನಿ. ರೆಡ್‌ವುಡ್ ಮರಗಳ ಕೆಳಗೆ ನೆಲ ಬೇಸಿಗೆಯಲ್ಲೂ ಒದ್ದೆ. ಮಂಜನ್ನು ಎಲೆಯಲ್ಲಿ ಹಿಡಿದು ತಮ್ಮ ಬುಡಕ್ಕೆ ತಾವೇ ತೊಟ್ಟಿಕ್ಕಿಸಿಕೊಳ್ಳುತ್ತವೆ ಆ ಮರಗಳು. ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ಸಿಗುವ ನೀರಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೀಗೆ ಮಂಜಿನಿಂದ ಬರುತ್ತದೆ ಅಂತ ಅಳೆದವರಿದ್ದಾರೆ.

ಈ ಮಂಜಿನ ಬಗ್ಗೆ ಗೊಣಗುವುದು ನಮ್ಮಿಂದ ಶುರುವಾದದ್ದಲ್ಲ. 1579ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಈ ಕರಾವಳಿಗೆ ಬಂದಾಗಲೇ ಅವನ ಕಡೆಯವರು ಮಂಜು ನಾರುತ್ತದೆ ಅಂತ ಬರೆದಿಟ್ಟಿದ್ದಾರೆ. ತಮಾಷೆ ಅಂದರೆ, ಯುರೋಪಿನ ಹಡಗುಗಳು ಇನ್ನೂರು ವರ್ಷ ಈ ದಂಡೆಯಲ್ಲಿ ಓಡಾಡಿದರೂ ಇಷ್ಟು ದೊಡ್ಡ ಕೊಲ್ಲಿ ಕಣ್ಣಿಗೇ ಬೀಳಲಿಲ್ಲ. ಮಂಜೂ ಅದಕ್ಕೆ ಒಂದು ಕಾರಣ ಅನ್ನುತ್ತಾರೆ. ಕಡೆಗೆ 1769ರಲ್ಲಿ ಕಂಡವರು ನೆಲದ ಮೇಲೆ ನಡೆದು ಬಂದ ಸ್ಪೇನಿನ ಸೈನಿಕರು. ಗೋಲ್ಡನ್ ಗೇಟ್ ಮೂಲಕ ಮೊದಲ ಹಡಗು ಒಳಗೆ ಬಂದದ್ದು 1775ರಲ್ಲಿ.

ಗೋಲ್ಡನ್ ಗೇಟ್ ಸೇತುವೆಯ ಬಣ್ಣದ ಕತೆಯೂ ಮಂಜಿನದ್ದೇ. ಹಡಗುಗಳಿಗೆ ಚೆನ್ನಾಗಿ ಕಾಣಲಿ ಅಂತ ನೌಕಾಪಡೆ ಕಪ್ಪು-ಹಳದಿ ಪಟ್ಟಿ ಕೇಳಿತ್ತು. ವಿಮಾನದವರು ಕೆಂಪು-ಬಿಳಿ ಪಟ್ಟಿ ಬೇಕೆಂದರು. ಎರಡೂ ಆಗಲಿಲ್ಲ, 1937ರಲ್ಲಿ ಸೇತುವೆ ಈಗಿನ ಕಿತ್ತಳೆ-ಕೆಂಪಿನಲ್ಲೇ ತೆರೆಯಿತು. ನೌಕಾಪಡೆಯ ಮಾತು ನಡೆದಿದ್ದರೆ ನಮ್ಮೆಲ್ಲರ ಮನೆಯ ಫ್ರಿಜ್ ಮೇಲೆ ಇವತ್ತು ಹಳದಿ-ಕಪ್ಪು ಆಟೋರಿಕ್ಷಾ ಬಣ್ಣದ ಸೇತುವೆಯ ಮ್ಯಾಗ್ನೆಟ್ ಇರುತ್ತಿತ್ತು. ಈಗ ಮಂಜಿಗೆ ಸ್ವಂತ ಹೆಸರೂ ಇದೆ, ಕಾರ್ಲ್ ಅಂತ. 2010ರಲ್ಲಿ ಯಾರೋ ಟ್ವಿಟರಿನಲ್ಲಿ ಮಂಜಿನ ಪರವಾಗಿ ಖಾತೆ ತೆರೆದರು, ಹೆಸರು ಊರಿಗೇ ಅಂಟಿಕೊಂಡಿತು.

‘ನಾನು ಕಳೆದ ಅತಿ ಚಳಿಯ ಚಳಿಗಾಲವೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಬೇಸಿಗೆ’ ಎಂಬ ಮಾತನ್ನು ಮಾರ್ಕ್ ಟ್ವೇನ್ ಹೆಸರಲ್ಲಿ ಪ್ರತಿ ಜುಲೈ ನಮಗೆ ಯಾರಾದರೂ ಫಾರ್ವರ್ಡ್ ಮಾಡುತ್ತಾರೆ. ಟ್ವೇನ್ ಬರೆದದ್ದರಲ್ಲಿ ಎಲ್ಲೂ ಆ ಮಾತಿಲ್ಲ. ಆದರೆ 1961ರ ಜುಲೈ 11ರಂದು ನಡೆದದ್ದು ನಿಜ. ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಬೇಸ್‌ಬಾಲ್ ಆಲ್-ಸ್ಟಾರ್ ಪಂದ್ಯ. ಸ್ಟೂ ಮಿಲ್ಲರ್ ಎಂಬ ಸಣಕಲು ಬೌಲರ್, ಅಂದರೆ ಪಿಚರ್, ಚೆಂಡು ಎಸೆಯಲು ನಿಂತಿದ್ದಾನೆ. ರಪ್ಪನೆ ಗಾಳಿ ಬಂತು, ಮೈ ಓಲಾಡಿತು. ಅಂಪೈರ್ ಅದನ್ನು ತಪ್ಪೆಸೆತ ಅಂದುಬಿಟ್ಟ. ಗಾಳಿ ಅವನನ್ನು ಮೈದಾನದಿಂದಲೇ ಹಾರಿಸಿಕೊಂಡು ಹೋಯಿತು ಎಂಬಷ್ಟಕ್ಕೆ ಕತೆ ಬೆಳೆಯಿತು. ಪಂದ್ಯ ಗೆದ್ದದ್ದೂ ಅವನ ಲೆಕ್ಕಕ್ಕೇ ಹೋಯಿತು ಅನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ನಮ್ಮ ಮಾವ ಮಂಡ್ಯದವರು. ಮೊದಲ ಸಲ ಬಂದಾಗ ಸೇತುವೆ ನೋಡಲು ಹೊರಟೆವು. ಸನ್ನಿವೇಲ್‌ನಲ್ಲಿ ಸೆಖೆ. ಸ್ವೆಟರ್ ತಗೊಳ್ಳಿ ಅಂದೆ. “ಜುಲೈ ತಿಂಗ್ಳಲ್ಲಿ ಯಾರಾದ್ರೂ ಸ್ವೆಟರ್ ಹಾಕ್ಕೊಂಡು ಓಡಾಡ್ತಾರಾ ಅಳಿಯಂದ್ರೇ?” ಅಂದರು. ಅರ್ಧ ತೋಳಿನ ಬಿಳಿ ಅಂಗಿಯಲ್ಲೇ ಬಂದರು. ಸೇತುವೆಯ ಮೇಲೆ ಕಾಲು ಮೈಲಿ ನಡೆಯುವಷ್ಟರಲ್ಲಿ ಎರಡೂ ಕೈ ಕಂಕುಳಲ್ಲಿ. ಟವರ್ ತೋರಿಸಿದೆ, ಅದಿರಲಿಲ್ಲ, ಬರೀ ಬಿಳಿ. ಮಂಜಿನ ಹಾರ್ನ್ ಬೊಂ ಅಂತ ಕೂಗಿತು. “ಬಸ್ ಬಂತಾ?” ಅಂದರು, ಆಸೆಯಿಂದ. ವಾಪಸ್ ಬರುವಾಗ ಅಂಗಡಿಯಲ್ಲಿ ಎದೆ ಮೇಲೆ ದೊಡ್ಡದಾಗಿ ಊರಿನ ಹೆಸರು ಬರೆದ ನೇರಳೆ ಬಣ್ಣದ ದಪ್ಪ ಜಾಕೆಟ್ ಕೊಂಡೆವು. ಅಂಗಡಿಯವರು ಅಳತೆ ಕೂಡ ಕೇಳಲಿಲ್ಲ. ಇಡೀ ಬೇಸಿಗೆ ಅವರ ವ್ಯಾಪಾರ ನಡೆಯುವುದೇ ಇಂಥ ಮಾವಂದಿರಿಂದ. ಈಗ ಮಂಡ್ಯದಲ್ಲಿ ಸಂಕ್ರಾಂತಿ ಹೊತ್ತಿಗೆ ಬೆಳಗಿನ ವಾಕಿಂಗಿಗೆ ಅದೇ ಜಾಕೆಟ್, ಜೊತೆಗೊಂದು ಮಂಕಿ ಕ್ಯಾಪ್.

ಫ್ಯಾರನ್‌ಹೀಟ್ ಮಾತ್ರ ಇವತ್ತಿಗೂ ನಮ್ಮ ಮನೆಯಲ್ಲಿ ಪೂರ್ತಿ ಒಗ್ಗಿಲ್ಲ. ವಿಚಿತ್ರ ನೋಡಿ, ಊರಲ್ಲಿ ಬಿಸಿಲನ್ನು ಅಳೆಯುವುದು ಸೆಲ್ಸಿಯಸ್ಸಿನಲ್ಲಿ, ಜ್ವರವನ್ನು ಫ್ಯಾರನ್‌ಹೀಟಿನಲ್ಲಿ. ಹಾಗಾಗಿ ಲಿವರ್‌ಮೋರ್ 99 ಅಂದರೆ ಅಮ್ಮನಿಗೆ ಕೇಳಿಸುವುದು ಸಣ್ಣಗೆ ಮೈ ಬಿಸಿ, ಟ್ರೇಸಿ 103 ಅಂದರೆ ತಣ್ಣೀರು ಬಟ್ಟೆ. ಸೆಲ್ಸಿಯಸ್ ಮಹಾಶಯರೂ ಕಮ್ಮಿ ಇರಲಿಲ್ಲ. 1742ರಲ್ಲಿ ಅವರು ಮಾಡಿದ ಮೂಲ ಅಳತೆಯಲ್ಲಿ ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. ಆಮೇಲೆ ಉಳಿದವರು ಅದನ್ನು ತಿರುಗಿಸಿಟ್ಟರು. ಎರಡೂ ಅಳತೆಗಳು ರಾಜಿಯಾಗುವುದು ಸೊನ್ನೆಗಿಂತ ಕೆಳಗೆ 40ರಲ್ಲಿ. ಅಲ್ಲಿ ಯಾವುದರಲ್ಲಿ ಹೇಳಿದರೂ ಅಷ್ಟೇ. ಮಿನೆಸೋಟದ ಕನ್ನಡಿಗರಿಗೆ ಮಾತ್ರ ಇದು ಉಪಯೋಗಕ್ಕೆ ಬರಬಹುದು.

ನಗೆಗೆ ಸಿಗದ ದಿನವೂ ಒಂದಿದೆ. 2020ರ ಸೆಪ್ಟೆಂಬರ್ 9. ಕಾಡ್ಗಿಚ್ಚಿನ ಹೊಗೆ ಮೇಲೆ, ಸಮುದ್ರದ ಮಂಜು ಕೆಳಗೆ. ಬೆಳಗಾಗಲೇ ಇಲ್ಲ. ಆಕಾಶ ಕಡು ಕಿತ್ತಳೆ, ಮಧ್ಯಾಹ್ನಕ್ಕೂ ಬೀದಿದೀಪ. ನೆಲದ ಹತ್ತಿರ ಮಾತ್ರ ಹೊಗೆಯ ವಾಸನೆ ಅಷ್ಟಾಗಿ ಇರಲಿಲ್ಲ. ಮಂಜಿನ ಪದರ ಅದನ್ನು ಮೇಲೆಯೇ ತಡೆದಿತ್ತು. ಅವತ್ತಿನಿಂದ ನಾನು ಮಂಜನ್ನು ಬೈಯುವಾಗ ಸ್ವಲ್ಪ ನೋಡಿಕೊಂಡು ಬೈಯುತ್ತೇನೆ.

ಇನ್ನು ಅಡುಗೆಮನೆಗೆ ಬರೋಣ. ನನ್ನ ಪ್ರಕಾರ ಬೇ ಏರಿಯಾದ ಹವೆಯನ್ನು ಸರಿಯಾಗಿ ಅಳೆಯುವುದು ದೋಸೆ ಹಿಟ್ಟು. ಹಿಟ್ಟು ಹುದುಗಿಸುವುದು ಬ್ಯಾಕ್ಟೀರಿಯಾ, ಅವಕ್ಕೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಖುಷಿ. ಲಿವರ್‌ಮೋರ್‌ನಲ್ಲಿ ಸಂಜೆ ರುಬ್ಬಿಟ್ಟರೆ ಮಲಗುವ ಹೊತ್ತಿಗೆ ಮುಚ್ಚಳ ಎತ್ತಿಕೊಂಡಿರುತ್ತದೆ. ಬೆಳಿಗ್ಗೆ ಪಾತ್ರೆಯ ಸುತ್ತ ಇಳಿದು, ಗ್ರಾನೈಟ್ ಕಟ್ಟೆಯ ಮೇಲೆ ಒಣಗಿ ಹಪ್ಪಳ. ಚಾಕು ಹಾಕಿ ಕೆರೆಯಬೇಕು. ಮಂಜಿನ ಕಡೆಯ ಡೇಲಿ ಸಿಟಿಯಲ್ಲಿ ಅದೇ ಹಿಟ್ಟು ಮಾರನೇ ದಿನ ಮಧ್ಯಾಹ್ನವೂ ಇಟ್ಟ ಹಾಗೇ ಇರುತ್ತದೆ, ಒಂದು ಗುಳ್ಳೆ ಇಲ್ಲ. ಅಲ್ಲಿನವರು ಓವನ್ನಿನೊಳಗೆ ಬರೀ ಲೈಟ್ ಹಾಕಿ ಇಡುತ್ತಾರೆ. ಕೆಲವರು ಇನ್‌ಸ್ಟಂಟ್ ಪಾಟ್ ಎಂಬ ಕರೆಂಟ್ ಕುಕ್ಕರಿನ ಮೊಸರಿನ ಬಟನ್ ಒತ್ತುತ್ತಾರೆ. ಓವನ್ನಿನಲ್ಲಿ ಹಿಟ್ಟಿರುವುದು ಮರೆತು ಪಿಜ್ಜಾಕ್ಕೆ ಅಂತ 425ಕ್ಕೆ ತಿರುಗಿಸಿದ ಮನೆಗಳೂ ನಮ್ಮಲ್ಲಿ ಇವೆ. ಹೆಸರು ಹೇಳುವುದಿಲ್ಲ. ಅಧ್ಯಕ್ಷರು ಬೇಜಾರು ಮಾಡಿಕೊಳ್ಳುತ್ತಾರೆ.

ಸಂಡಿಗೆಯದೂ ಇದೇ ಪಾಡು. ಟ್ರೇಸಿಯ ಹಿತ್ತಲಲ್ಲಿ ಅರಳು ಸಂಡಿಗೆ ಒಂದೇ ಬಿಸಿಲಿಗೆ ಗರಿಗರಿ. ಪೆಸಿಫಿಕಾದಲ್ಲಿ ಇಟ್ಟರೆ ಸಂಜೆಗೆ ಇನ್ನಷ್ಟು ಒದ್ದೆ. ಕರಿಬೇವಿನ ಗಿಡ ಫ್ರೀಮಾಂಟಿನಲ್ಲಿ ಗೋಡೆ ಬದಿ ಬೆಚ್ಚಗೆ ಬೆಳೆಯುತ್ತದೆ, ಮಂಜಿನ ಕಡೆ ಎರಡೆಲೆ ಬಿಟ್ಟು ಸುಮ್ನೆ ನಿಂತುಬಿಡುತ್ತದೆ. ಊರಿಂದ ಸೊಪ್ಪು ತರುತ್ತೇನೆ ಅನ್ನುವವರಿಗೆ ಒಂದು ಮಾತು: ಬೇಡ. ಕಿತ್ತಳೆ-ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಸಣ್ಣ ಹುಳುವಿಗೆ ಕರಿಬೇವೆಂದರೆ ಪ್ರಾಣ, ಹಾಗಾಗಿ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಬಿಸಿಲಿನ ಕಡೆಯವರು ಮಂಜಿನ ಕಡೆಯವರಿಗೆ ಸೊಪ್ಪು ಕೊಡಿ. ಸೊಪ್ಪಾಗಲಿ ಗಿಡವಾಗಲಿ ಕೊಡುವ ಮುಂಚೆ ನಿಮ್ಮ ಕೌಂಟಿಯ ಕ್ವಾರಂಟೈನ್ ನಿಯಮ ನೋಡಿಕೊಳ್ಳಿ.

ಆಗಸ್ಟ್ ಪಿಕ್ನಿಕ್ಕಿನ ಜಾಗದ ಬಗ್ಗೆ ಸಮಿತಿಯಲ್ಲಿ ಇನ್ನೂ ಜಗಳ ನಡೆದಿದೆ. ಸಮುದ್ರದ ಕಡೆಯವರು ಬಿಸಿಲು ಬೇಕು ಅನ್ನುತ್ತಾರೆ, ಬಿಸಿಲಿನ ಕಡೆಯವರು ಸಮುದ್ರ ಬೇಕು ಅನ್ನುತ್ತಾರೆ. ಎಲ್ಲಿ ಆದರೂ ಮಜ್ಜಿಗೆ, ಕಷಾಯ ಎರಡೂ ಇರುತ್ತವೆ ಅಂತ ಊಟದ ಉಸ್ತುವಾರಿಯವರು ಮಾತು ಕೊಟ್ಟಿದ್ದಾರೆ. ನೀವು ತರಬೇಕಾದ್ದು ಟೋಪಿ, ಸನ್‌ಸ್ಕ್ರೀನ್, ಉಣ್ಣೆ ಶಾಲು. ಮೂರೂ ತನ್ನಿ.

ಮುಂದಿನ ಸಂಚಿಕೆಗೆ ಒಂದು ನಕಾಶೆ ಮಾಡುವ ಯೋಚನೆ ಇದೆ. ನಿಮ್ಮ ಮನೆಯಲ್ಲಿ ದೋಸೆ ಹಿಟ್ಟು ಉಬ್ಬಲು ಎಷ್ಟು ಗಂಟೆ ಬೇಕು, ಯಾವ ಊರು, ಓವನ್ ಲೈಟ್ ಹಾಕಿದಿರಾ ಇಲ್ಲವಾ, ಇಷ್ಟು ಬರೆದು ಕಳಿಸಿ. ಅಕ್ಕಿ ಎಷ್ಟು, ಉದ್ದು ಎಷ್ಟು, ಮೆಂತ್ಯ ಹಾಕಬೇಕಾ ಬೇಡವಾ ಎಂಬ ಪತ್ರಗಳನ್ನು ಮಾತ್ರ ಪ್ರಕಟಿಸುವುದಿಲ್ಲ. ನಮ್ಮದು ಹನ್ನೆರಡೇ ಪುಟದ ಸುದ್ದಿಪತ್ರ.

— ಸಂಪಾದಕ