ಅಕ್ಕಿಗೆ ದುಡ್ಡು ಕೊಡ್ತೀರಿ, ಹೊತ್ತು ತಲುಪಿಸಿದವರಿಗೆ ಯಾಕೆ ಕೊಡಲ್ಲ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪೇಪರಿನ ಓದುಗರ ಪತ್ರದಲ್ಲಿ ಒಬ್ಬರು ಬರೆದಿದ್ರು, ಕೊರೊನಾ ಟೈಮಲ್ಲಿ ದಾನ ಎತ್ತಿದ ಸಂಸ್ಥೆಗಳು ಸಂಬಳ, ಬಾಡಿಗೆ, ಪೆಟ್ರೋಲ್ ಅಂತ ಹೇಳಿ ಜನರ ದುಡ್ಡು ನುಂಗಿದ್ವು, ಇನ್ಮೇಲೆ ಆಫೀಸ್ ಖರ್ಚಿಗೆ ಒಂದು ರೂಪಾಯಿನೂ ಹಾಕದ ಸಂಸ್ಥೆಗೆ ಮಾತ್ರ ಕೊಡಿ ಅಂತ. ನಾನು ಮುಂಬಯಿಯ ಚೆಂಬೂರಲ್ಲಿ ಇರೋನು, ಸಣ್ಣಪುಟ್ಟ ಟ್ರಸ್ಟ್‌ಗಳ ಲೆಕ್ಕ ಬರೆಯೋದೇ ನನ್ನ ಹೊಟ್ಟೆಪಾಡು. ತನ್ನ ಸಂಬಳಕ್ಕೆ ಕಲ್ಲು ಬೀಳುತ್ತೆ ಅಂತ ಬರೀತಾ ಇದಾನೆ ಅಂತ ಯಾರಾದ್ರೂ ಅಂದ್ಕೊಂಡ್ರೆ ಅಂದ್ಕೊಳ್ಳಲಿ, ಹೇಳೋದು ಹೇಳ್ಬಿಡ್ತೀನಿ: ಆ ಎರಡು ವರ್ಷ ಈ ಊರಲ್ಲಿ ಬಡವರಿಗೆ ಏನಾದ್ರೂ ತಲುಪಿದ್ದಿದ್ರೆ ಅದು ಆ ಸಂಬಳ, ಬಾಡಿಗೆ, ಪೆಟ್ರೋಲಿಂದಾನೇ ತಲುಪಿದ್ದು.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ಟಿವಿಯಲ್ಲಿ ಬಂದು ಹನ್ನೆರಡು ಗಂಟೆಯಿಂದ ಎಲ್ಲಾ ಬಂದ್ ಅಂದ್ರಲ್ಲ, ನಮಗೆಲ್ಲ ನಾಲ್ಕು ತಾಸು ಟೈಮ್ ಇತ್ತು, ಫ್ರಿಜ್ಜೂ ಇತ್ತು. ಗೋವಂಡಿ, ಬೈಂಗನ್‌ವಾಡಿ, ಮಾನ್‌ಖುರ್ದ್ ಕಡೆ ದಿನಗೂಲಿ ಮೇಲೆ ಬದುಕೋರಿಗೆ ಏನಿತ್ತು? ದೂರದಿಂದ ನೋಡೋರಿಗೆ ಅವರೆಲ್ಲ ಒಂದೇ ಥರ, ಬಡವರು, ಅಷ್ಟೇ, ಒಂದು ಮೂಟೆ ಅಕ್ಕಿ ಕೊಟ್ರೆ ಮುಗೀತು. ಆದ್ರೆ ಗಲ್ಲಿ ಒಳಗೆ ಹೋದ್ರೆ ಗೊತ್ತಾಗೋದು, ಸಂಸಾರಸ್ಥರಿಗೆ ಅಕ್ಕಿ ಬೇಳೆ ಬೇಕು ಆದ್ರೆ ಗ್ಯಾಸ್ ಮುಗಿದಿರುತ್ತೆ, ಒಂದೇ ಖೋಲಿಯಲ್ಲಿ ಪಾಳಿ ಮೇಲೆ ಮಲಗೋ ಹುಡುಗರಿಗೆ ಒಲೆನೇ ಇಲ್ಲ, ಅವರು ಖಾನಾವಳಿಯಲ್ಲಿ ಉಣ್ಣೋರು, ಖಾನಾವಳಿನೂ ಬಂದ್, ಅವರಿಗೆ ಅಕ್ಕಿ ಮೂಟೆ ಕೊಟ್ಟು ಏನು ಮಾಡ್ತೀರಿ, ಬೇಯಿಸಿದ ಖಿಚಡಿನೇ ಬೇಕು. ಮತ್ತೆ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ರೇಷನ್ ಕಾರ್ಡ್ ಊರಲ್ಲಿ, ಹೊಟ್ಟೆ ಇಲ್ಲಿ. ಇದನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ವಹಿಯಲ್ಲಿ ಬರ್ಕೊಂಡು ಬರೋಕೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೂ ಮನೆ ಇದೆ, ಅವನೂ ಅದೇ ಗಲ್ಲಿಯೋನೇ ಇರ್ತಾನೆ, ಅವನ ಪಗಾರ ಯಾರು ಕೊಡೋದು?

ವಾಲಂಟಿಯರ್ ಹುಡುಗರು ಮಾಡ್ಲಿ ಅಂತಾರೆ. ಮಾಡಿದ್ರು, ಇಲ್ಲ ಅನ್ನಲ್ಲ. ನಮ್ಮ ಉಡುಪಿ ಹೋಟೆಲಿನವರೂ ಕೆಲವರು ತಮ್ಮ ಅಡುಗೆಮನೆ ಬಿಟ್ಟುಕೊಟ್ಟು ದಿನಾ ಡಬ್ಬಗಟ್ಟಲೆ ಪಲಾವು ಕಳಿಸಿದ್ರು, ಅದನ್ನ ಕಣ್ಣಾರೆ ಕಂಡಿದೀನಿ. ಆದ್ರೆ ಮಾರಾಯ್ರೆ, ವಾಲಂಟಿಯರ್ ಅಂದ್ರೆ ಅವನ ಆಫೀಸು ಶುರುವಾಗೋ ತನಕ. ಜೂನ್ ಬಂತು, ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದ್ರು, ಹಸಿವು ಮಾತ್ರ ಎಲ್ಲೂ ಹೋಗಿರಲಿಲ್ಲ. ಲೋಕಲ್ ಟ್ರೇನ್ ಜೂನ್ 15ಕ್ಕೆ ಶುರುವಾದ್ರೂ ಅತ್ಯಗತ್ಯ ಸೇವೆಯವರಿಗೆ ಮಾತ್ರ, ಎಲ್ಲರಿಗೂ ಅಂತ ಬಿಟ್ಟಿದ್ದು 2021ರ ಫೆಬ್ರವರಿ 1ಕ್ಕೆ, ಅದೂ ಟೈಮ್ ಕಟ್ಟಿ. ಅಲ್ಲಿವರೆಗೆ ಸಂಸ್ಥೆಯ ಹುಡುಗರು ಕಲ್ಯಾಣದಿಂದ ಗೋವಂಡಿಗೆ ಹೇಗೆ ಬರ್ಬೇಕಿತ್ತು, ಹಾರ್ಕೊಂಡಾ? ಬೈಕಿಗೆ ಪೆಟ್ರೋಲ್ ಹಾಕಿದ್ರೆ ಅದು ಆಡಳಿತ ವೆಚ್ಚ ಆಗ್ಬಿಡುತ್ತೆ ನೋಡಿ.

ಒಂದು ಸಂಗತಿ ಹೇಳ್ತೀನಿ. ನಾನು ಲೆಕ್ಕ ನೋಡೋ ಒಂದು ಟ್ರಸ್ಟಿಗೆ ಒಂದು ಕಂಪನಿ ಸಿಎಸ್‌ಆರ್‌ನಿಂದ, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಹಾಕೋ ದುಡ್ಡಿಂದ, ಅಕ್ಕಿ, ತೊಗರಿಬೇಳೆ, ಎಣ್ಣೆ ಕೊಡ್ತು (ಕೋವಿಡ್‌ಗೆ ಮಾಡಿದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುತ್ತೆ ಅಂತ ಕೇಂದ್ರ 2020ರ ಮಾರ್ಚ್ 23ಕ್ಕೇ ಹೇಳಿತ್ತು, ಹಾಗಾಗಿ ಕಂಪನಿಗಳೂ ಲಗುಬಗೆಯಿಂದ ಇದ್ವು). ಮಾಲು ಬಂದು ಗೋಡೌನಲ್ಲಿ ಬಿತ್ತು. ಅಲ್ಲಿಂದ ಗಲ್ಲಿಗೆ ಒಯ್ಯೋಕೆ ಛೋಟಾ ಹಾತಿ ಟೆಂಪೋ ಬೇಕು, ಟೆಂಪೋನೂ ಹೋಗದ ಗಲ್ಲಿಗೆ ಹಾತ್‌ಗಾಡಿ, ಹೊರೋಕೆ ಇಬ್ಬರು ಹಮಾಲರು. ಲಾಕ್‌ಡೌನಲ್ಲಿ ಟೆಂಪೋದವನು ಬರೋದೇ ದೊಡ್ಡದು, ಬಾಡಿಗೆ ಮಾಮೂಲಿಗಿಂತ ಜಾಸ್ತಿ ಕೇಳ್ದ, ಪೊಲೀಸ್ ಪಾಸ್ ಬೇರೆ. ಬಿಲ್ಲು ಕಳಿಸಿದ್ವಿ. ಕಂಪನಿಯವರಿಂದ ಮೇಲ್ ಬಂತು, ನಮ್ಮ ಪಾಲಿಸಿ ಪ್ರಕಾರ ಮಾಲಿಗೆ ಮಾತ್ರ ಕೊಡ್ತೀವಿ, ಸಾಗಾಟ ನಿಮ್ಮ ಕಡೆಯಿಂದ. ಹಮಾಲರದ್ದು ಕೈಬರಹದ ವೋಚರ್, ಜಿಎಸ್‌ಟಿ ನಂಬರ್ ಇಲ್ಲ ಅಂತ ಅದೂ ವಾಪಸ್. ಹಮಾಲನಿಗೆ ಎಲ್ಲಿಂದ ಜಿಎಸ್‌ಟಿ ನಂಬರ್ ತರೋಣ ಹೇಳಿ. ಕೊನೆಗೆ ಟ್ರಸ್ಟಿ ಒಬ್ಬರು ಮನೆಯಿಂದ ಹಾಕಿದ್ರು. ಅದೇ ಮೇಲಲ್ಲಿ ಇನ್ನೊಂದು ಸಾಲು ಇತ್ತು, ಪ್ರತಿ ಕಿಟ್ ಮೇಲೆ ನಮ್ಮ ಲೋಗೋ ಸ್ಟಿಕ್ಕರ್ ಇರ್ಬೇಕು, ತಗೊಳ್ಳೋರ ಫೋಟೋ ಕಡ್ಡಾಯ. ಸ್ಟಿಕ್ಕರಿಗೆ ದುಡ್ಡು ಕೊಟ್ರು, ಅದಂತೂ ಖರೆ.

ರೋಗ ಎಲ್ಲಿ ಜಾಸ್ತಿ ಇತ್ತು ಅಂತ ಊಹೆ ಮಾಡ್ಬೇಕಿಲ್ಲ. 2020ರ ಜುಲೈಯಲ್ಲಿ ಮುನಿಸಿಪಾಲ್ಟಿ, ನೀತಿ ಆಯೋಗ, ಟಿಐಎಫ್‌ಆರ್ ಅನ್ನೋ ಸಂಶೋಧನಾ ಸಂಸ್ಥೆ ಸೇರಿ ಮೂರು ವಾರ್ಡಲ್ಲಿ ರಕ್ತ ಪರೀಕ್ಷೆ ಮಾಡಿದ್ರು, ಅದರಲ್ಲಿ ನಮ್ಮ ಚೆಂಬೂರಿನ ಎಂ ವೆಸ್ಟ್ ವಾರ್ಡೂ ಒಂದು, ಮಾಟುಂಗ ಬರೋ ಎಫ್ ನಾರ್ತ್ ಇನ್ನೊಂದು. ಝೋಪಡಪಟ್ಟಿಯಲ್ಲಿ ಶೇಕಡಾ 57 ಜನಕ್ಕೆ ಆಗ್ಲೇ ಸೋಂಕು ಬಂದುಹೋಗಿತ್ತು, ಬಿಲ್ಡಿಂಗಿನವರಲ್ಲಿ 16. ಅಂದ್ರೆ ನಾವು ಬಾಲ್ಕನಿಯಲ್ಲಿ ತಟ್ಟೆ ಬಾರಿಸಿ ಮನೆಯೊಳಗೆ ಕೂತಿದ್ದಾಗ ಆ ಕಡೆ ಅರ್ಧಕ್ಕರ್ಧ ಜನರ ಮೈಯಲ್ಲಿ ರೋಗ ಹಾದುಹೋಗ್ತಾ ಇತ್ತು. ಸಂಸ್ಥೆಯ ಹುಡುಗರು ಸುತ್ತಿದ್ದು ಅಂಥ ಗಲ್ಲಿಗಳಲ್ಲಿ. ಅವರಿಗೆ ವಿಮೆ ಮಾಡಿಸಿದ ಪ್ರೀಮಿಯಂ ಕೂಡ ಆಫೀಸ್ ಖರ್ಚೇ.

ಇನ್ನು ಎರಡನೇ ಅಲೆ. 2021ರ ಏಪ್ರಿಲ್-ಮೇನಲ್ಲಿ ಎಲ್ಲರ ಬಾಯಲ್ಲೂ ಆಕ್ಸಿಜನ್ ಕಾನ್ಸಂಟ್ರೇಟರ್. ಹೊರದೇಶದಿಂದ, ಇಲ್ಲಿಂದ, ಎಲ್ಲರೂ ಅದನ್ನೇ ಕಳಿಸೋರು, ಯಾಕಂದ್ರೆ ಮಷಿನ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಒಳ್ಳೇ ಮಷಿನ್ನೇ, ಗಾಳಿಯಲ್ಲಿರೋ ನೈಟ್ರೋಜನ್ನ ಜಿಯೋಲೈಟ್ ಅನ್ನೋ ಸಣ್ಣ ಹರಳು ಹಿಡ್ಕೊಂಡು ಉಳಿದ ಆಕ್ಸಿಜನ್ ಬಿಡುತ್ತೆ. ಆದ್ರೆ ಅದಕ್ಕೆ ಕರೆಂಟ್ ಬೇಕು, ನಿಲ್ಲದ ಕರೆಂಟು, ಫಿಲ್ಟರ್ ತೊಳೀಬೇಕು, ಬಾಟ್ಲಿಗೆ ಡಿಸ್ಟಿಲ್ಡ್ ವಾಟರ್ ಹಾಕ್ಬೇಕು, ಮುಖ್ಯವಾಗಿ ನಿಮಿಷಕ್ಕೆ 5 ಲೀಟರ್ ಕೊಡೋ ಮಷಿನ್ ಯಾರಿಗೆ ಸಾಕು, ಯಾರನ್ನ ಆಸ್ಪತ್ರೆಗೆ ಹಾಕ್ಲೇಬೇಕು ಅಂತ ಆಕ್ಸಿಮೀಟರ್ ನೋಡಿ ಹೇಳೋ ನರ್ಸ್ ಒಬ್ಬರು ಬೇಕು. ಮಷಿನ್ ಕೊಟ್ಟವರ ಲಿಸ್ಟಲ್ಲಿ ನರ್ಸ್ ಇರಲಿಲ್ಲ, ಟೆಕ್ನಿಷಿಯನ್ ಇರಲಿಲ್ಲ. ಅಲೆ ಇಳಿದ ಮೇಲೆ ಟ್ರಸ್ಟಿನ ಆಫೀಸಲ್ಲಿ ಅವು ಪ್ಲಾಸ್ಟಿಕ್ ಹೊದ್ದು ಕೂತಿದ್ವು, ನಾನು ಪ್ರತಿ ಮಾರ್ಚಲ್ಲಿ ಸವಕಳಿ ಕಳೆದು ಬರೀತಿದ್ದೆ, ಅಷ್ಟೇ.

ಕಾನೂನೂ ಇದೇ ಮನಸ್ಸಿನದ್ದು. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾನೂನನ್ನ 2020ರ ಸೆಪ್ಟೆಂಬರಲ್ಲಿ, ಅಂದ್ರೆ ಮೊದಲನೇ ಅಲೆ ಜೋರಾಗಿದ್ದಾಗಲೇ ತಿದ್ದಿದ್ರು. ಆಡಳಿತ ವೆಚ್ಚದ ಮಿತಿ ಶೇಕಡಾ 50 ಇದ್ದಿದ್ದನ್ನ 20ಕ್ಕೆ ಇಳಿಸಿದ್ರು. ವಿದೇಶದ ದುಡ್ಡು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಬ್ರಾಂಚಿಗೆ ಬರ್ಬೇಕು ಅಂದ್ರು, ಗೋವಂಡಿಯ ಸಂಸ್ಥೆ ಆದ್ರೂ ಅಕೌಂಟ್ ದಿಲ್ಲಿಯಲ್ಲೇ. ಅದಕ್ಕಿಂತ ದೊಡ್ಡ ಪೆಟ್ಟು ಅಂದ್ರೆ ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ಆ ದುಡ್ಡು ದಾಟಿಸೋ ಹಾಗೇ ಇಲ್ಲ. ಇದರ ಪರಿಣಾಮ ಎರಡನೇ ಅಲೆಯಲ್ಲಿ ಗೊತ್ತಾಯ್ತು, ದೊಡ್ಡ ಸಂಸ್ಥೆಗಳ ಹತ್ರ ಹೊರಗಿನ ದುಡ್ಡು ಬಂತು, ಗಲ್ಲಿ ಬಲ್ಲ ಸಣ್ಣ ಸಂಸ್ಥೆಗೆ ಕೊಡೋ ದಾರಿ ಮುಚ್ಚಿತ್ತು. 2022ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿ ಸರಿ ಅಂತ ಎತ್ತಿಹಿಡೀತು, ಕಾನೂನು ಕಾನೂನೇ, ಪಾಲಿಸ್ತೀವಿ. ನಿಯಮದಲ್ಲಿ ಆಸ್ಪತ್ರೆಯ ಡಾಕ್ಟರ್ ಸಂಬಳ, ಶಾಲೆಯ ಟೀಚರ್ ಸಂಬಳ ಆಡಳಿತ ವೆಚ್ಚ ಅಲ್ಲ ಅಂತ ಬಿಟ್ಟಿದಾರೆ, ಆದ್ರೆ ಆಫೀಸ್ ಬಾಡಿಗೆ, ಫೋನು, ಲೆಕ್ಕ ಬರೆಯೋನು ಎಲ್ಲ ಆ 20ರೊಳಗೇ.

ಕಳ್ಳರು ಇಲ್ವಾ ಅಂತ ಕೇಳ್ತೀರಿ. ಇದಾರೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದ್ರೆ ಕಳ್ಳ ಟ್ರಸ್ಟು ಆಫೀಸ್ ಖರ್ಚು ಜಾಸ್ತಿ ತೋರಿಸಲ್ಲ, ಸೊನ್ನೆ ತೋರಿಸ್ತಾನೆ! ಮಹಾರಾಷ್ಟ್ರದ ಪಬ್ಲಿಕ್ ಟ್ರಸ್ಟ್ ಕಾನೂನಿನ ಶೆಡ್ಯೂಲ್ 9ರಲ್ಲಿ ಆದಾಯ-ಖರ್ಚಿನ ಪಟ್ಟಿ ಇರುತ್ತೆ, ಖರ್ಚಿನ ಪಟ್ಟಿಯಲ್ಲಿ ಎಸ್ಟಾಬ್ಲಿಷ್‌ಮೆಂಟ್ ಅಂದ್ರೆ ಆಫೀಸ್ ಖರ್ಚು ಬೇರೆ, ಟ್ರಸ್ಟಿನ ಉದ್ದೇಶಕ್ಕೆ ಮಾಡಿದ ಖರ್ಚು ಬೇರೆ, ಅದರೊಳಗೆ ಬಡವರ ಪರಿಹಾರ, ವೈದ್ಯಕೀಯ ಅಂತ ಸಾಲುಗಳು. ಟೆಂಪೋ, ಡ್ರೈವರ್, ಮ್ಯಾನೇಜರ್ ಎಲ್ಲರನ್ನೂ ಬಡವರ ಪರಿಹಾರದ ಸಾಲಿಗೆ ತಳ್ಳಿದ್ರೆ ಆಫೀಸ್ ಖರ್ಚು ಸೊನ್ನೆ ಬಂತು, ಕಾಗದ ನೋಡಿ ಖುಷಿಪಟ್ಟು ನೀವು ಚೆಕ್ ಬರೆದ್ರಿ. ಪ್ರಾಮಾಣಿಕವಾಗಿ ಬಿಡಿಸಿ ಬರೆದ ಟ್ರಸ್ಟು ಮೂಲೆಗೆ ಬಿತ್ತು. ನನ್ನ ಟೇಬಲ್ ಮುಂದೆ ಕೂತು "ಇದನ್ನ ಆ ಕಡೆ ಹಾಕಿ ಸಾರ್, ಡೋನರ್ ನೋಡ್ತಾರೆ" ಅಂದವರು ಒಬ್ಬಿಬ್ಬರಲ್ಲ, ಅವರಲ್ಲಿ ಒಳ್ಳೇ ಕೆಲಸ ಮಾಡೋರೂ ಇದ್ರು, ಅದೇ ಬೇಜಾರು.

ಪತ್ರ ಬರೆದವರಿಗೆ ನಿಜವಾಗಿ ಅನುಮಾನ ಇದ್ರೆ ವರ್ಲಿಯಲ್ಲಿ ಚಾರಿಟಿ ಕಮಿಷನರ್ ಆಫೀಸ್ ಇದೆ, ಯಾವ ಟ್ರಸ್ಟಿಗೆ ಕೊಡ್ತೀರೋ ಅದರ ಆಡಿಟ್ ರಿಪೋರ್ಟ್ ಕೇಳಿ, ಸಂಸ್ಥೆಯವರನ್ನೇ ಕೇಳಿದ್ರೂ ಒಳ್ಳೆಯವರು ಕೊಡ್ತಾರೆ. ಪರ್ಸೆಂಟೇಜ್ ನೋಡ್ಬೇಡಿ. ಸಂಬಳ ಯಾರಿಗೆ ಹೋಗ್ತಿದೆ, ಟ್ರಸ್ಟಿಯ ಅಳಿಯನಿಗಾ ಅಥವಾ ಗಲ್ಲಿ ಸುತ್ತೋ ಹುಡುಗಿಗಾ, ಅದನ್ನ ನೋಡಿ. ಬಾಡಿಗೆ ಯಾರ ಜಾಗಕ್ಕೆ ಕಟ್ತಿದಾರೆ ನೋಡಿ. ಮತ್ತೆ ಕಂಪನಿಗಳಲ್ಲಿ ಸಿಎಸ್‌ಆರ್ ನೋಡ್ಕೊಳ್ಳೋ ನಮ್ಮ ಕನ್ನಡದವರು ಈ ಪತ್ರ ಓದಿದ್ರೆ ಒಂದು ಮಾತು, ಮುಂದಿನ ಸಲ ಅಕ್ಕಿ ಕೊಡುವಾಗ ಟೆಂಪೋ ಬಾಡಿಗೆನೂ ಹಮಾಲಿನೂ ಅದೇ ಅಗ್ರಿಮೆಂಟಲ್ಲಿ ಬರೀರಿ, ಹಮಾಲಿಗೆ ಕೈಬರಹದ ವೋಚರ್ ಒಪ್ಕೊಳ್ತೀವಿ ಅನ್ನೋದನ್ನೂ ಸೇರಿಸಿ.

ಅಂದಹಾಗೆ ದಾನಕ್ಕೆ ಟ್ಯಾಕ್ಸ್ ರಿಯಾಯಿತಿ ಸಿಗೋ 80ಜಿ ರಸೀದಿ ಕೇಳೋರಿಗೆ: ಹೊಸ ಟ್ಯಾಕ್ಸ್ ರೆಜೀಮ್ ತಗೊಂಡಿದ್ರೆ ಅದರ ಲಾಭ ಸಿಗಲ್ಲ, ಅಕ್ಕಿ-ಬೇಳೆ ರೂಪದಲ್ಲಿ ಕೊಟ್ಟಿದ್ದಕ್ಕೂ ಸಿಗಲ್ಲ, ನಗದು 2000 ದಾಟಿದ್ರೂ ಇಲ್ಲ. ಮಾರ್ಚ್ ಕೊನೇ ವಾರದಲ್ಲಿ ಫೋನ್ ಮಾಡಿ ಜಗಳ ಮಾಡ್ಬೇಡಿ, ಆವಾಗ ನಮಗೆ ಆಡಿಟ್ ಇರುತ್ತೆ.

ಇಂತಿ,
ನಿಮ್ಮ ಪೇಪರಿನ ಹಳೇ ಓದುಗ, ಒಬ್ಬ ಅಕೌಂಟೆಂಟ್
ಚೆಂಬೂರು, ಮುಂಬಯಿ