ಬ್ಯಾರನ್‌ಗೆ ಬೆಂಕಿ ಹಾಕುವ ಮುಂಚೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಹೆಂಡತಿಗೆ ಐದು ತಿಂಗಳು ಎಂದು ಕೇಳಿ ನಮ್ಮ ಮನೆಯವರೆಲ್ಲ ಖುಷಿಪಟ್ಟೆವು. ‘ನೀನು ಲ್ಯಾಬಲ್ಲಿ ಇರೋನು, ಬಸುರಿ ಏನೇನು ತಿನ್ನಬೇಕು ಅಂತ ಒಂದು ಪಟ್ಟಿ ಬರೆದು ಕಳಿಸೋ’ ಅಂದೆಯಲ್ಲ, ಬರೆಯಲು ಕೂತವನಿಗೆ ಪಟ್ಟಿ ಸಾಲಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ರಕ್ತ ತೆಗೆದು ಪರೀಕ್ಷೆ ಮಾಡುವವನು, ಡಾಕ್ಟರಲ್ಲ. ಔಷಧಿ, ಡೋಸು ಎಲ್ಲ ಅವರನ್ನೇ ಕೇಳು. ಆದರೆ ಆಕೆ ಏನು ತಿನ್ನುತ್ತಾಳೆ ಅನ್ನುವುದರ ಜೊತೆಗೆ ಯಾವ ಗಾಳಿ ಕುಡಿಯುತ್ತಾಳೆ, ದಿನಕ್ಕೆ ಎಷ್ಟು ಹೊತ್ತು ಬಗ್ಗಿ ಕೆಲಸ ಮಾಡುತ್ತಾಳೆ, ಮನೆಯಲ್ಲಿ ಯಾರ್‍ಯಾರದಾದ ಮೇಲೆ ಊಟಕ್ಕೆ ಕೂರುತ್ತಾಳೆ ಅನ್ನುವುದನ್ನೂ ನೀನು ಕೇಳಬೇಕಿತ್ತು. ಅದಕ್ಕೆಲ್ಲ ಉತ್ತರ ಕೊಡಬೇಕಾದವನು ನೀನೇ.

ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಗೊತ್ತಲ್ಲ, ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೂ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅಷ್ಟು ಹಳೆಯ ಲೆಕ್ಕ ಇಡೀ ದೇಶದಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ವಯಸ್ಸಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಎಂದು ಅಲ್ಲಿನ ಇಂಥದ್ದೇ ಹಳೆಯ ದಾಖಲೆಗಳಿಂದ ತೋರಿಸಿದ್ದರು. ಅವರ ಜೊತೆಯ ಕ್ಯಾರೊಲಿನ್ ಫಾಲ್ ಮತ್ತಿತರರು ಮೈಸೂರಿನ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲೇ ಇದ್ದವರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗ. 3.1 ಕೆ.ಜಿ. ಮೇಲ್ಪಟ್ಟು ಹುಟ್ಟಿದವರಲ್ಲಿ ಶೇ 3 ಮಾತ್ರ. ನಮ್ಮಜ್ಜಿಯರ ಕಾಲದ ಬಾಣಂತನದ ಲೆಕ್ಕ ನಲವತ್ತು-ಐವತ್ತು ವರ್ಷ ಕಳೆದು ಹೃದಯದಲ್ಲಿ ಕಾಣಿಸಿಕೊಂಡಿತು ಕಣೋ.

ಹಾಗಂತ ಮಗು ದಪ್ಪಗಿದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡ. ಅದೇ ಪುಸ್ತಕಗಳ ಪ್ರಕಾರ ಸಕ್ಕರೆ ಕಾಯಿಲೆ ಹೆಚ್ಚಾಗಿ ಬಂದದ್ದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಿಗೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಸುತ್ತಲಿನ ಹಳ್ಳಿಗಳ ಬಸುರಿಯರನ್ನು ವರ್ಷಗಟ್ಟಲೆ ಗಮನಿಸಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನ ಕೂಸುಗಳದ್ದು 3.5. ನೋಡಲು ಸಣಕಲು, ಆದರೆ ಕಡಿಮೆಯಾಗಿದ್ದದ್ದು ಮಾಂಸಖಂಡ ಮತ್ತು ಹೊಟ್ಟೆಯೊಳಗಿನ ಅಂಗಗಳು; ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಸಣ್ಣ ಸೊಂಟದ ನಮ್ಮವರಿಗೇ ನಲವತ್ತಕ್ಕೆ ಶುಗರ್ ಬರುವುದನ್ನು ಲ್ಯಾಬಿನಲ್ಲಿ ದಿನಾ ನೋಡುತ್ತೇನೆ. ಅದರ ಬೇರು ತಾಯಿಯ ಹೊಟ್ಟೆಯಲ್ಲೂ ಇದೆ ಅನ್ನುವುದು ಇದನ್ನು ಓದುವವರೆಗೆ ನನಗೆ ಹೊಳೆದಿರಲಿಲ್ಲ.

ಈಗ ನಿಮ್ಮಮ್ಮನ ಮಾತಿಗೆ ಬರೋಣ. ‘ಜಾಸ್ತಿ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ’ ಅನ್ನುತ್ತಾರೆ ಅಂದೆಯಲ್ಲ. ಆಪರೇಷನ್ ಅನ್ನುವುದೇ ಕೈಗೆಟುಕದ ಕಾಲದಲ್ಲಿ ಹಳ್ಳಿಯ ಹೆಂಗಸರು ಜೀವ ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದು, ಅವರನ್ನು ನೋಡಿ ನಗಬೇಡ. ಆದರೆ ಈಗ ಆ ದಾರಿ ಬೇಡ. ‘ಇಬ್ಬರ ಊಟ ಮಾಡು’ ಅನ್ನುವ ಇನ್ನೊಂದು ಬಣದ ಮಾತೂ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಬೇಕು, ಅಷ್ಟೆ. ಕೊನೆಯ ಮೂರು ತಿಂಗಳಲ್ಲಿ ಪ್ರೋಟೀನು ಮಾತ್ರ ದಿನಕ್ಕೆ 22 ಗ್ರಾಂ ಹೆಚ್ಚಬೇಕು. ಅನ್ನದ ರಾಶಿ ದೊಡ್ಡದು ಮಾಡಿದರೆ ಇದು ಬರುವುದಿಲ್ಲ. ಮೊಟ್ಟೆ, ಹಾಲು, ಮೊಸರು, ಹುರುಳಿ, ಅವರೆ, ಕಡಲೆಬೀಜ, ಮೀನು ತಟ್ಟೆಗೆ ಬರಬೇಕು.

ಮುದ್ದೆ ಬಿಡಿಸಬೇಡ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಯಾವ ಧಾನ್ಯವೂ ಹತ್ತಿರಕ್ಕೆ ಬರದಷ್ಟು. ಆದರೆ ರಾಗಿಯಲ್ಲೇ ಕಬ್ಬಿಣ ಹೀರದಂತೆ ಅಡ್ಡ ಬರುವ ಅಂಶಗಳೂ ಇವೆ, ಅದಕ್ಕೇ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಲಿ. ಪುಣೆಯ ಹಳ್ಳಿಗಳಲ್ಲೂ ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದ ತಾಯಂದಿರ ಮಕ್ಕಳೇ ಗಾತ್ರದಲ್ಲಿ ಚೆನ್ನಾಗಿದ್ದದ್ದು. ನಿಮ್ಮ ಹೊಲದ ಬದುವಿನಲ್ಲಿ ಸಿಗುವ ಸೊಪ್ಪಿಗೆ ಮೈಸೂರಿನಲ್ಲಿ ದುಡ್ಡು ಕೊಡಬೇಕು ಮಾರಾಯ. ಹಾಲಿಗೆ ಹಾಕುವ ಕೇಸರಿ ಬಗ್ಗೆ ನನ್ನ ತಕರಾರೇನಿಲ್ಲ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಅಷ್ಟೆ. ಆ ದುಡ್ಡಿನಲ್ಲಿ ತಿಂಗಳಿಗಾಗುವಷ್ಟು ಮೊಟ್ಟೆ ಬರುತ್ತದೆ.

ಮೊಟ್ಟೆಯ ಬಗ್ಗೆ ಇಷ್ಟು ಹಟ ಯಾಕೆ ಅಂದರೆ ಬಿ12 ವಿಟಮಿನ್. ಅದು ಸೊಪ್ಪು, ಕಾಳಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲೇ ಸಿಗಬೇಕು. 1997-98ರಲ್ಲಿ ಅದೇ ಮಿಷನ್ ಆಸ್ಪತ್ರೆಗೆ ಬಂದ ಬಸುರಿಯರ ರಕ್ತ ನೋಡಿದಾಗ ಶೇ 43 ಮಂದಿಗೆ ಬಿ12 ಕಡಿಮೆ ಇತ್ತು, ಕಡಿಮೆ ಇದ್ದವರಲ್ಲಿ ಬಸುರಿನ ಸಕ್ಕರೆ ಕಾಯಿಲೆಯೂ ಹೆಚ್ಚಿತ್ತು. ಪುಣೆಯಲ್ಲಿ ಬಿ12 ಕಡಿಮೆ, ಫೋಲೇಟ್ (ಫೋಲಿಕ್ ಮಾತ್ರೆಯಲ್ಲಿ ಸಿಗುವ ವಿಟಮಿನ್) ಮಾತ್ರ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಎದ್ದು ಕಂಡಿತು. ಹಾಗಂತ ಕೊಟ್ಟಿರುವ ಫೋಲಿಕ್ ಮಾತ್ರೆ ನಿಲ್ಲಿಸಿಬಿಡಬೇಡ! ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ, ಆಗ ಬೇಕಾದದ್ದು ಅದೇ. ಆಕೆ ಆ ಹಂತ ದಾಟಿದ್ದಾಳೆ, ಸ್ಕ್ಯಾನ್‌ನಲ್ಲಿ ಎಲ್ಲ ಸರಿಯಿದೆ ಅಂದಿದ್ದೀಯ. ಬಿ12 ಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಒಂದು ಮಾತು ಕೇಳು.

ಕಬ್ಬಿಣದ ಮಾತ್ರೆ ಆಕೆ ನಿಜವಾಗಿ ನುಂಗುತ್ತಿದ್ದಾಳಾ? ವಾಕರಿಕೆ, ಮಲಬದ್ಧತೆ, ಮಲ ಕಪ್ಪಗೆ ಹೋಗುವುದು, ಅದರ ಮೇಲೆ ‘ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ’ ಅನ್ನುವ ಅಕ್ಕಪಕ್ಕದವರು. ಎಷ್ಟೋ ಮನೆಗಳಲ್ಲಿ ಮಾತ್ರೆ ಹಿತ್ತಿಲಿಗೆ ಬೀಳುತ್ತದೆ. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 52.2, ರಕ್ತಹೀನತೆಯವರು. ಊಟ ಆದ ಕೂಡಲೇ ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಯಲ್ಲೇ ನುಂಗಬಾರದು, ಹೊತ್ತು ಬೇರೆ ಮಾಡಲಿ.

ಇದೆಲ್ಲ ಸುಲಭದ ಭಾಗ. ನಿನಗೆ ಕಹಿಯಾಗುವ ಮಾತು ಈಗ.

ಇನ್ನು ಕೆಲವೇ ವಾರದಲ್ಲಿ ನೀವು ಹೊಗೆಸೊಪ್ಪು ಮುರಿಯಲು ಶುರು ಮಾಡುತ್ತೀರಿ. ಹುಣಸೂರಿನ ಕಡೆ ಸೊಪ್ಪು ಮುರಿದು ತಂದ ಮೇಲೆ ಕಡ್ಡಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಮನೆಗೆ, ಅಂದರೆ ಬ್ಯಾರನ್‌ಗೆ ಏರಿಸುವ ಕೆಲಸದಲ್ಲಿ ಹೆಂಗಸರ ಕೈ ಎಷ್ಟಿರುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಬೆಳಗಿನ ಇಬ್ಬನಿಯಲ್ಲಿ, ಮಳೆಯಲ್ಲಿ ಒದ್ದೆಯಾದ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ಹೊಸಬರಿಗೆ ತಲೆಸುತ್ತು, ವಾಂತಿ ಆಗುವುದು ಅದಕ್ಕೇ. ಬೀಡಿ ಸೇದದವಳ ರಕ್ತಕ್ಕೂ ಹೀಗೆ ನಿಕೋಟಿನ್ ಸೇರುತ್ತದೆ, ಮಾಸನ್ನು ದಾಟಿ ಮಗುವನ್ನೂ ತಲುಪುತ್ತದೆ. ಬಸುರಿಗೆ ವಾಂತಿ ಸಹಜ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಈ ಸಲ ಆಕೆ ಸೊಪ್ಪು ಮುಟ್ಟುವುದು ಬೇಡ. ‘ಕೂತು ಮಾಡುವ ಕೆಲಸ ತಾನೇ’ ಅನ್ನಬೇಡ. ಕೂಲಿಗೆ ಇನ್ನೊಬ್ಬರನ್ನು ಕರೆ, ಆದರೆ ಅವರಲ್ಲೂ ಬಸುರಿ ಇದ್ದರೆ ಅವಳಿಗೆ ಬೇರೆ ಕೆಲಸ ಕೊಡು. ಔಷಧಿ ಹೊಡೆದು ಬಂದ ನಿನ್ನ ಬಟ್ಟೆಯನ್ನು ನೀನೇ ಒಗೆದುಕೋ.

ಬ್ಯಾರನ್ ಬೆಂಕಿ ಕಾಯುವವರ ಪಕ್ಕ ರಾತ್ರಿ ಕಾಫಿ ಕೊಡಲು ಬಂದು ಕೂರುವುದೂ ಬೇಡ. ಬಚ್ಚಲ ಒಲೆಗೆ ಸೌದೆ ತುಂಬುವ ಕೆಲಸ ಇನ್ನು ನಿನ್ನದು. ಅಡುಗೆಗೆ ಗ್ಯಾಸ್ ಬಂದರೆ ಎಲ್ಲ ಮುಗಿಯಿತು ಅಂತ ನಾನೂ ನಂಬಿದ್ದೆ. ಭಾರತವೂ (ಇಲ್ಲಿ ತಮಿಳುನಾಡಿನಲ್ಲಿ) ಸೇರಿ ನಾಲ್ಕು ದೇಶಗಳಲ್ಲಿ ಬಸುರಿಯರಿಗೆ ಗ್ಯಾಸ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ, 2022ರಲ್ಲಿ ಪ್ರಕಟವಾದದ್ದು, ಹೊಗೆ ಬಹಳ ಇಳಿದರೂ ಕೂಸಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಒಂದನ್ನು ಸರಿ ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೆ ಸಾಲದು ಅಂತ ನಾನು ಅರ್ಥ ಮಾಡಿಕೊಂಡೆ. ಗ್ಯಾಸ್ ಅಂತೂ ಇರಲಿ, ಆಕೆಯ ಕಣ್ಣು, ಶ್ವಾಸಕೋಶಕ್ಕಾದರೂ. ಮತ್ತೆ ನಿನ್ನ ಸಿಗರೇಟು: ಜಗಲಿಯಲ್ಲಿ ಸೇದಿದರೆ ಒಳಗೆ ಬರಲ್ಲ ಅನ್ನುವ ವಾದ ನನ್ನ ಹತ್ತಿರ ಬೇಡ.

ಕೆಲಸದ ಹೊರೆಯೂ ಲೆಕ್ಕಕ್ಕೆ ಬರುತ್ತದೆ. ಪುಣೆಯ ಆ ಹಳ್ಳಿಗಳಲ್ಲಿ ಬಾವಿಯಿಂದ ನೀರು ಸೇದಿ, ಹೊಲದಲ್ಲಿ ಹೆಚ್ಚು ದುಡಿದ ಬಸುರಿಯರ ಕೂಸುಗಳು ಚಿಕ್ಕದಾಗಿದ್ದವು. ತಟ್ಟೆಗೆ ಮೊಟ್ಟೆ ಹಾಕಿ ತಲೆಗೆ ಹುಲ್ಲಿನ ಹೊರೆ ಹೊರಿಸಿದರೆ ಏನು ಉಳಿಯುತ್ತೆ ಹೇಳು.

ಅಂಗನವಾಡಿಗೆ ಹೋಗಲು ಆಕೆಗೆ ಸಂಕೋಚ ಅಂದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ ಹಾಕುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಶುರುವಾದಾಗ ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಎಲ್ಲವೂ ಇದ್ದವು. ಬಸುರಿ ಅಲ್ಲೇ ಕೂತು ಉಣ್ಣಲಿ ಅಂತ ಮಾಡಿದ್ದಕ್ಕೆ ಕಾರಣವಿದೆ: ಮನೆಗೆ ತಂದ ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು. ಬಡವರ ಊಟ ಅಂತ ನಿಮ್ಮ ಮನೆಯವರು ಮೂಗು ಮುರಿಯುವುದು ನನಗೆ ಹಿಡಿಸಲಿಲ್ಲ.

ಇನ್ನೊಂದೇ ಕೆಲಸ. 24ರಿಂದ 28ನೇ ವಾರದೊಳಗೆ ಸಕ್ಕರೆ ಪರೀಕ್ಷೆ ಮತ್ತೆ ಮಾಡಿಸಬೇಕು. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ತಾಸು ಕೂರಿಸಿ ರಕ್ತ ತೆಗೆಯುತ್ತಾರೆ. ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಊಟ ಬದಲಿಸಿ ನೋಡುತ್ತಾರೆ, ಹೆದರಿಸುವುದಿಲ್ಲ. ಆ ವಾರಗಳು ನಿನ್ನ ಬ್ಯಾರನ್ ಉರಿಯುವ ಹೊತ್ತಿಗೇ ಬರುತ್ತವೆ, ‘ಈ ಲೋಡು ಇಳಿಸಿಬಿಡ್ತೀನಿ, ಆಮೇಲೆ’ ಅಂತ ಮುಂದೂಡಬೇಡ. ಮೈಸೂರಿಗೇ ಕರೆದುಕೊಂಡು ಬಾ, ನಮ್ಮ ಮನೆಯಲ್ಲೇ ಉಳಿದುಕೊಳ್ಳಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮೊಟ್ಟೆಯ ವಿಷಯ ಅವರಿಗೆ ನಾನೇ ಫೋನಿನಲ್ಲಿ ಹೇಳುತ್ತೇನೆ, ನೀನು ಹೇಳಿದರೆ ಕೇಳುವುದಿಲ್ಲ. ಸಿಗರೇಟಿನ ವಿಷಯವನ್ನೂ ಅವರ ಕಿವಿಗೆ ಹಾಕುವವನಿದ್ದೇನೆ.

ಇಂತಿ ನಿನ್ನ ಗೆಳೆಯ