ಮೈಕ್ ಹಿಡಿದಿರೋ ನಮ್ಮ ಹುಡುಗನಿಗೆ, ಡೀನ್ ಜೋನ್ಸ್ ನೆನಪಲ್ಲಿ

ಮಗಾ,

ಫೋನಲ್ಲಿ ಹೇಳೋಕೆ ಹೋದ್ರೆ ನೀನು "ಇರ್ಲಿ ಬಿಡು ದೊಡ್ಡಪ್ಪ, ಎಲ್ಲಾರೂ ನಕ್ರು" ಅಂತ ಮಾತು ತೇಲಿಸ್ತೀಯ, ಅದಕ್ಕೆ ಕೂತು ಟೈಪ್ ಮಾಡ್ತಿದೀನಿ, ಪೂರ್ತಿ ಓದು.

ಹೈಸ್ಕೂಲ್ ಫೀಲ್ಡಲ್ಲಿ ನಡೀತಿರೋ ಟೆನಿಸ್ ಬಾಲ್ ಟೂರ್ನಮೆಂಟಿಗೆ ನೀನು ಮಾಡ್ತಿರೋ ಕಾಮೆಂಟ್ರಿನ ದಿನಾ ಯೂಟ್ಯೂಬಲ್ಲಿ ಕೇಳ್ತೀನಿ. ನಿಂಗೆ ದನಿ ಐತೆ, ಆಟ ಗೊತ್ತೈತೆ, ಬ್ಯಾಟ್ಸ್‌ಮನ್ ಕಾಲು ಎತ್ತಿಡೋದ್ ನೋಡೇ ಬಾಲ್ ಎಲ್ಲಿಗೆ ಹೋಗುತ್ತೆ ಅಂದ್ಬಿಡ್ತೀಯಲ್ಲ, ಅದು ಕಲಿಸಿ ಬರೋದಲ್ಲ. ಆದ್ರೆ ಶನಿವಾರ ಸೆಮಿಫೈನಲ್ಲಲ್ಲಿ ಆ ಮಂಡಕ್ಕಿ ಭಟ್ಟಿ ಹುಡುಗ ಲಾಂಗ್ ಆನಲ್ಲಿ ಕ್ಯಾಚ್ ಹಿಡಿದಾಗ "ಭಟ್ಟಿ ಮಸಿ ಹಿಡೀತು ನೋಡ್ರಪ್ಪೋ" ಅಂದೆಯಲ್ಲ, ಅದು ನಂಗೆ ಗಂಟಲಲ್ಲಿ ಸಿಕ್ಕೊಂಡಂಗೆ ಆಗೈತೆ. ಬ್ರೇಕ್ ಬಿತ್ತು, ಮೈಕ್ ಆಫ್ ಆಗಿದೆ ಅನ್ಕೊಂಡು ಪಕ್ಕದವನಿಗೆ ಅಂದಿದ್ದು ಅಂತೀಯ. ಲೈವ್ ಆನ್ ಇತ್ತಪ್ಪ. ನಾನು ಕೇಳಿದೀನಿ ಅಂದ್ರೆ ಅವರಮ್ಮನೂ ಕೇಳಿರ್ತಾಳೆ.

ನೀನು ದೊಡ್ಡ ಕಾಮೆಂಟೇಟರ್ ಆಗ್ಬೇಕು ಅಂತೀಯಲ್ಲ, ನಿಂಗೆ ಡೀನ್ ಜೋನ್ಸ್ ಬಗ್ಗೆ ಹೇಳ್ಬೇಕು, ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್, ಆಮೇಲೆ ಕಾಮೆಂಟೇಟರ್ ಆದವನು. ನೀನು ಅವನನ್ನ ಟಿವಿಯಲ್ಲಿ ಕರೀ ಗೌನು, ಪದವಿ ಟೋಪಿ ಹಾಕ್ಕೊಂಡು ಪ್ರೊಫೆಸರ್ ಡೀನೋ ಅಂತ ಕ್ರಿಕೆಟ್ ಪಾಠ ಹೇಳ್ತಿದ್ದವನು ಅಂತ ಅಷ್ಟೇ ನೋಡಿರ್ತೀಯ. ನಮಗೆ ಅವನು 1986ರ ಮದ್ರಾಸಿನವನು. ಸೆಪ್ಟೆಂಬರ್ ತಿಂಗಳು, ಚೆಪಾಕ್ ಸ್ಟೇಡಿಯಂ, ಇಂಡಿಯಾ ಮೇಲೆ, ಅವನ ಮೂರನೇ ಟೆಸ್ಟ್ ಅಷ್ಟೇ, ವಯಸ್ಸು 25. ಆ ಸೆಕೆಯಲ್ಲಿ ಎಂಟು ಗಂಟೆಗೂ ಹೆಚ್ಚು ನಿಂತು 210 ಹೊಡೆದ. ಪಿಚ್ ಪಕ್ಕದಲ್ಲೇ ವಾಂತಿ ಮಾಡ್ಕೊಂಡ, ಮೈಯೆಲ್ಲ ಹಿಡ್ಕೊಂಡು ಓಡೋಕಾಗ್ತಿರಲಿಲ್ಲ, ಇನ್ನಾಗಲ್ಲ ವಾಪಸ್ ಹೋಗ್ತೀನಿ ಅಂದಾಗ ಕ್ಯಾಪ್ಟನ್ ಅಲನ್ ಬಾರ್ಡರ್, ಸರಿ ಹೋಗು, ನಮ್ಮ ಕ್ವೀನ್ಸ್‌ಲ್ಯಾಂಡಿನ ಗಟ್ಟಿ ಆಳನ್ನ ಕರೀತೀನಿ ಅನ್ನೋ ಅರ್ಥದಲ್ಲಿ ಚುಚ್ಚಿದ, ಇವನು ಬೇರೆ ರಾಜ್ಯ ವಿಕ್ಟೋರಿಯಾದವನಲ್ವ, ರೋಷಕ್ಕೆ ಮತ್ತೆ ನಿಂತ. ಔಟಾದ್ಮೇಲೆ ಸೀದಾ ಆಸ್ಪತ್ರೆ, ಸಲೈನ್. ಆ ಮ್ಯಾಚ್ ಕೊನೆಗೆ ಟೈ ಆಯ್ತು, ಟೆಸ್ಟ್ ಇತಿಹಾಸದಲ್ಲಿ ಎರಡನೇದು, ನಮಗೆ ಗೆಲ್ಲೋಕೆ ಬೇಕಿದ್ದಿದ್ದು 348, ನಾವು ಹೊಡೆದಿದ್ದು 347, ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯೂ, ಬೆರಳೆತ್ತಿದ್ದು ನಮ್ಮ ಬೆಂಗಳೂರಿನ ಅಂಪೈರ್ ವಿಕ್ರಮರಾಜು. ರವಿ ಶಾಸ್ತ್ರಿ ಆ ಕಡೆ ತುದಿಯಲ್ಲಿ 48 ಹೊಡೆದು ನಿಂತಿದ್ದ. ರೇಡಿಯೋ ಸುತ್ತ ಕೂತಿದ್ದ ನಾವು ಯಾರೂ ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಮರುವರ್ಷ ಅದೇ ಚೆಪಾಕಲ್ಲಿ ವರ್ಲ್ಡ್ ಕಪ್ ಮ್ಯಾಚ್. ಜೋನ್ಸ್ ಎತ್ತಿದ ಒಂದು ಬಾಲನ್ನ ಅಂಪೈರ್ ಫೋರ್ ಅಂದ್ರು, ಇನ್ನಿಂಗ್ಸ್ ಮುಗಿದ್ಮೇಲೆ ಕಪಿಲ್ ದೇವ್ ಅದು ಸಿಕ್ಸ್ ಅಂತ ಒಪ್ಕೊಂಡ, 268 ಇದ್ದಿದ್ದು 270 ಆಯ್ತು, ನಾವು ಸೋತಿದ್ದು ಒಂದೇ ಒಂದು ರನ್ನಲ್ಲಿ. ಕಪಿಲ್ ಮಾಡಿದ್ದು ಸರಿ ಅಂತಾನೇ ನಾನು ಇವತ್ತಿಗೂ ಹೇಳ್ತೀನಿ, ಅದು ಬೇರೆ ವಿಷಯ. ಜೋನ್ಸ್ ಒಟ್ಟು 52 ಟೆಸ್ಟಲ್ಲಿ 3631, 164 ಒನ್‌ಡೇಲಿ 6068 ರನ್ ಮಾಡಿದ. ಫಾಸ್ಟ್ ಬೌಲರ್‌ಗೆ ಮುಂದೆ ನುಗ್ಗಿ ಹೊಡಿಯೋದು, ಒಂದು ರನ್ನಿನ ಜಾಗದಲ್ಲಿ ಎರಡು ಕದಿಯೋದು, ಇವೆಲ್ಲ ಈಗ ಸಣ್ಣ ಹುಡುಗರೂ ಮಾಡ್ತಾರೆ, ಆವಾಗ ಅವನು ಮಾಡ್ತಿದ್ರೆ ನೋಡೋಕೇ ಬೆರಗು.

ಇಂಥವನು 2006ರಲ್ಲಿ ಏನ್ ಮಾಡ್ಕೊಂಡ ಗೊತ್ತಾ. ಕೊಲಂಬೋದಲ್ಲಿ ಶ್ರೀಲಂಕಾ, ಸೌತ್ ಆಫ್ರಿಕಾ ಟೆಸ್ಟ್. ಸೌತ್ ಆಫ್ರಿಕಾದ ಹಾಶಿಂ ಆಮ್ಲಾ ಶ್ರೀಲಂಕಾದ ಸಂಗಕ್ಕಾರನ ಕ್ಯಾಚ್ ಹಿಡಿದ. ಕಾಮೆಂಟ್ರಿ ಮಾಡ್ತಿದ್ದ ಜೋನ್ಸ್, ಜಾಹೀರಾತು ಬಂತು, ತನ್ನ ಮಾತು ಹೊರಗೆ ಹೋಗಲ್ಲ ಅನ್ಕೊಂಡು, ಗಡ್ಡ ಬಿಟ್ಟ ಆ ಮುಸ್ಲಿಂ ಹುಡುಗನ್ನ ಟೆರರಿಸ್ಟ್ ಅಂದ್ಬಿಟ್ಟ. ಸೌತ್ ಆಫ್ರಿಕಾದ ಚಾನೆಲ್ಲಲ್ಲಿ ಬ್ರೇಕ್ ಇರಲಿಲ್ಲ. ಮನೆಮನೆಗೂ ಕೇಳಿಸ್ತು. ಅವನಿಗೆ ಕೆಲಸ ಕೊಟ್ಟಿದ್ದ ಟೆನ್ ಸ್ಪೋರ್ಟ್ಸ್ ಚಾನೆಲ್ಲಿನವರು ತೆಗೆದ್ರು, ಮ್ಯಾಚ್ ಮುಗಿಯೋ ಮುಂಚೆನೇ ಊರಿಗೆ ವಿಮಾನ. ನೋಡು ಮಗಾ, ಅದೂ ಕ್ಯಾಚೇ, ಅದೂ ಬ್ರೇಕೇ. ಶನಿವಾರ ನಿನ್ನ ಮಾತು ಕೇಳಿದ ಗಳಿಗೆಯಲ್ಲೇ ನಂಗೆ ಅವನು ನೆನಪಾಗಿದ್ದು.

ಅವನು ಕೆಟ್ಟವನು ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ, ನೀನು ಕೆಟ್ಟವನು ಅಂತಾನೂ ಅಲ್ಲ. ಅವನು ಅಡ್ಡದಾರಿ ಹುಡುಕಲಿಲ್ಲ, ಅಂದಿದ್ದು ತಪ್ಪು ಅಂತ ಬಹಿರಂಗವಾಗಿ ಕ್ಷಮೆ ಕೇಳಿದ. ಆಮೇಲೆ ನಿಧಾನಕ್ಕೆ ಮತ್ತೆ ಮೈಕ್ ಸಿಕ್ತು, ಕೋಚ್ ಆಗಿ ಇಸ್ಲಾಮಾಬಾದ್ ಯುನೈಟೆಡ್‌ಗೆ ಪಾಕಿಸ್ತಾನದ ಲೀಗ್ 2016ರಲ್ಲೂ 2018ರಲ್ಲೂ ಗೆಲ್ಲಿಸಿಕೊಟ್ಟ, ಕರಾಚಿಯಲ್ಲಿ ಮ್ಯಾಚ್ ಆದ್ಮೇಲೆ ಡಗ್‌ಔಟಲ್ಲಿ ಬಿದ್ದ ಕಸ ತಾನೇ ಹೆಕ್ಕಿದ, ಆ ಫೋಟೋ ನೋಡಿ ಅಲ್ಲಿನ ಜನ ಅವನನ್ನ ಎಷ್ಟು ಹಚ್ಕೊಂಡ್ರು. 2020ರ ಸೆಪ್ಟೆಂಬರ್ 24ಕ್ಕೆ ಮುಂಬೈ ಹೋಟೆಲಲ್ಲಿ, ಐಪಿಎಲ್ ಕಾಮೆಂಟ್ರಿಗೆ ಬಂದವನು, ಹೃದಯಾಘಾತ ಆಗಿ ಬಿದ್ದ, ಬ್ರೆಟ್ ಲೀ ಎದೆ ಒತ್ತಿ ಉಳಿಸೋಕೆ ನೋಡಿದ, ಆಗ್ಲಿಲ್ಲ. 59 ವರ್ಷ. ಅವತ್ತೇ ಸಾಯಂಕಾಲ ದುಬೈಲಿ ನಮ್ಮ ಕೆ.ಎಲ್. ರಾಹುಲ್ ಆರ್‌ಸಿಬಿ ಮೇಲೆ 132 ಹೊಡೆದ, ನೀನು ಆರ್‌ಸಿಬಿ ಸೋತಿದ್ದಕ್ಕೆ ಊಟ ಬಿಟ್ಟಿದ್ದೆ, ನಾನು ಮಾತ್ರ ಈ ಇನ್ನಿಂಗ್ಸ್ ಬಗ್ಗೆ ಮಾತಾಡೋಕೆ ಡೀನೋ ಇರಬೇಕಿತ್ತು ಅನ್ಕೊಂಡು ಕೂತಿದ್ದೆ.

ಇಷ್ಟೆಲ್ಲ ಮಾಡಿದವನು ಸತ್ತಾಗಲೂ ಆ ಒಂದು ಮಾತನ್ನ ಪೇಪರಿನವರು ಬಿಡ್ಲಿಲ್ಲ, ಬಿಡೋಕೂ ಆಗಲ್ಲ. ಆಮ್ಲಾ ಮಾತ್ರ ಓವಲ್‌ನಲ್ಲಿ 311 ಹೊಡೆದು ಸೌತ್ ಆಫ್ರಿಕಾದ ಮೊದಲ ಟ್ರಿಪಲ್ ಸೆಂಚುರಿ ಅವನದ್ದೇ ಅಂತ ಬರೆಸ್ಕೊಂಡ.

ನೀನು ಅಡ್ಡಹೆಸರು ಇಡಬೇಡ ಅಂತ ನಾನು ಹೇಳಲ್ಲ, ಅಡ್ಡಹೆಸರಿಲ್ಲದ ಟೆನಿಸ್ ಬಾಲ್ ಕಾಮೆಂಟ್ರಿ ಸಪ್ಪೆ. ನಮ್ಮ ವಿನಯ್ ಕುಮಾರ್‌ನ ದಾವಣಗೆರೆ ಎಕ್ಸ್‌ಪ್ರೆಸ್ ಅಂದ್ರು, ಅವನು ಕ್ಯಾಪ್ಟನ್ ಆಗಿ ಕರ್ನಾಟಕಕ್ಕೆ 2013-14, 2014-15 ಎರಡು ಸಲ ಸಾಲಾಗಿ ರಣಜಿ ತಂದ, ಆ ಹೆಸರು ಕೇಳಿದಾಗ ಪಿ.ಬಿ. ರೋಡಲ್ಲಿ ಟೀ ಮಾರೋನಿಗೂ ಎದೆ ಉಬ್ತಿತ್ತು. ಅವನ ಓಟ ನೋಡಿ, ಬೌಲಿಂಗ್ ನೋಡಿ, ಊರು ನೋಡಿ ಇಟ್ಟ ಹೆಸರದು. ಮೈ ಬಣ್ಣ, ಅಪ್ಪನ ಕಸುಬು, ಜಾತಿ, ನಡೆಯೋ ರೀತಿ, ಇವು ನಿನ್ನ ಮೈಕಿಗೆ ಬರಲೇಬಾರದು, ಆನ್ ಇದ್ರೂ ಆಫ್ ಇದ್ರೂ.

ಆ ಹುಡುಗನ ವಿಷಯ ನಿಂಗೆ ಗೊತ್ತಿಲ್ಲ ಅನ್ಸುತ್ತೆ. ಬೆಳಗಿನ ಜಾವಕ್ಕೆ ಎದ್ದು ಭಟ್ಟಿ ಮುಂದೆ ನಿಂತ್ಕೋತಾನೆ, ಕಾದ ಮರಳಲ್ಲಿ ಅಕ್ಕಿ ಹುರೀಬೇಕು, ಹೊಟ್ಟಿನ ಹೊಗೆ ಕಣ್ಣಿಗೆ ಮೂಗಿಗೆ ಎಲ್ಲ. ಜೋನ್ಸ್ ಚೆಪಾಕಿನ ಬಿಸಿಯಲ್ಲಿ ನಿಂತಿದ್ದನ್ನ ಇಡೀ ಪ್ರಪಂಚ ಹೊಗಳ್ತು, ನಾನೂ ಇಲ್ಲಿ ಇಷ್ಟುದ್ದ ಬರೆದೆ. ಈ ಹುಡುಗ ದಿನಾ ಅಂಥ ಬಿಸಿಯಲ್ಲಿ ನಿಂತು, ಮೈ ತೊಳ್ಕೊಂಡು, ಮಧ್ಯಾಹ್ನ ಫೀಲ್ಡಿಗೆ ಬಂದು ಹಂಗೆ ಓಡಿ ಹಾರಿ ಕ್ಯಾಚ್ ಹಿಡೀತಾನಲ್ಲ, ನೀನು ಹೇಳ್ಬೇಕಾಗಿದ್ದ ಕಾಮೆಂಟ್ರಿ ಅದು. ನೀನು ತಿನ್ನೋ ಮಂಡಕ್ಕಿ ಮಿರ್ಚಿ ಅವನ ಕೈಯಿಂದ ಬಂದಿದ್ದು ಕಣೋ.

ಭಾನುವಾರ ಫೈನಲ್. ಅದಕ್ಕೆ ಮುಂಚೆ ಅವರ ಮನೆಗೆ ಹೋಗು. ಫ್ರೆಂಡ್ಸ್ ಗುಂಪು ಕಟ್ಕೊಂಡು ಹೋಗ್ಬೇಡ, ವಿಡಿಯೋ ಮಾಡ್ಬೇಡ. ಅವರಮ್ಮ ಇದ್ರೆ ಮೊದಲು ಅವಳಿಗೇ ಹೇಳು, "ನಾನು ಅಂದಿದ್ದು ತಪ್ಪಮ್ಮ" ಅಂತ ಅಷ್ಟೇ ಸಾಕು, ಬ್ರೇಕು, ಮೈಕು ಅಂತ ಕಥೆ ಶುರು ಮಾಡ್ಬೇಡ. ಆಮೇಲೆ ಮ್ಯಾಚ್ ಶುರುವಾಗೋ ಮುಂಚೆ ಅದೇ ಮೈಕಲ್ಲಿ ಅವನ ಹೆಸರು ಹಿಡಿದು ಹೇಳು, ಎಲ್ಲರೆದುರಿಗೆ ಅಂದಿದ್ದನ್ನ ಮನೆಯಲ್ಲಷ್ಟೇ ವಾಪಸ್ ತಗೊಂಡ್ರೆ ಸಾಲ್ದು. ಎರಡೂ ಟೀಮಿನ ಹುಡುಗರ ಪೂರ್ತಿ ಹೆಸರು ಬರ್ಕೊಂಡು ಹೋಗು, ಕ್ಯಾಪ್ಟನ್‌ಗಳ ಹತ್ರ ಒಂದ್ಸಲ ಓದಿ ಸರಿ ಮಾಡಿಸ್ಕೋ.

ಅವನು ಮಾತಾಡದೇ ಇರಬಹುದು, ಮುಖ ತಿರುಗಿಸಬಹುದು, ಸಹಿಸ್ಕೊಂಡು ಬಾ. ಹೋಗಿ ಬಂದ್ಮೇಲೆ ನಂಗೆ ಫೋನ್ ಮಾಡು, ಎಷ್ಟೊತ್ತಾದ್ರೂ ಸರಿ, ಎದ್ದಿರ್ತೀನಿ.

ನಿನ್ನ ದೊಡ್ಡಪ್ಪ